ಬದುಕಿರುವ ಮ್ಯಾನೇಜರಿಗೆ ಶ್ರದ್ಧಾಂಜಲಿ

ಮಕ್ಕಳೇ, ಈ ಕಥೆಯನ್ನು ನಿಮ್ಮಪ್ಪ ತನಗೆ ಬೇಕಾದ ಹಾಗೆ ಹೇಳುತ್ತಾನೆ. ಯಾರಾದರೂ ಕೇಳಿದರೆ, "ಫ್ಲೆಕ್ಸ್ ಅಂಗಡಿಯವನು ಎಡವಟ್ಟು ಮಾಡ್ಬುಟ್ಟ ಅಷ್ಟೆ" ಎಂದು ನಕ್ಕು ಮಾತು ಬದಲಿಸುತ್ತಾನೆ. ಎಡವಟ್ಟು ಮಾಡಿದವನು ಅಂಗಡಿಯವನೊಬ್ಬನೇ ಅಲ್ಲ. ನಾನು ಅಲ್ಲೇ ಇದ್ದೆ, ಅಡುಗೆಮನೆಯ ಬಾಗಿಲ ಹಿಂದೆ. ಮನೆಗೆ ನಾಲ್ಕು ಜನ ಬಂದರೆ ನಾನು ನಿಲ್ಲುವ ಜಾಗ ಅದು. ಜನರ ಮುಂದೆ ನಿಂತು ಮಾತಾಡುವುದು ನನಗೆ ಊರಿನ ಶಾಲೆಯಲ್ಲೂ ಬರಲಿಲ್ಲ, ನಿಮ್ಮ ತಾತನ ಕೈ ಹಿಡಿದು ಹೂಟಗಳ್ಳಿಗೆ ಬಂದ ಮೇಲೂ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮಲ್ಲಿ ದೊಡ್ಡವಳಿಗೆ ಅರ್ಧ ಗೊತ್ತು. ಚಿಕ್ಕವಳು ಆಗ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಳು, ಅವಳಿಗೆ ಏನೂ ಗೊತ್ತಿಲ್ಲ.

ನಿಮ್ಮಪ್ಪನಿಗೆ ದೇವರಾಜ ಮೊಹಲ್ಲಾದಲ್ಲಿ ಕರೆಂಟು ಸಾಮಾನಿನ ಅಂಗಡಿ. ಅಂಗಡಿಯಲ್ಲಿ ಗಿರಾಕಿಯ ಹತ್ತಿರ ಅವನು ಚೆನ್ನಾಗಿಯೇ ಮಾತಾಡುತ್ತಾನೆ, ಲೆಕ್ಕದಲ್ಲಿ ಚುರುಕು, ಯಾವ ದುರಭ್ಯಾಸವೂ ಇಲ್ಲ. ಇದ್ದದ್ದು ಒಂದೇ ಹುಚ್ಚು, ಹೊರದೇಶದ ಒಂದು ಫುಟ್‌ಬಾಲ್ ಕ್ಲಬ್ಬು. ಆ ಕ್ಲಬ್ಬು ಯಾವ ಊರಿನದು ಎಂದು ನಾನು ಒಮ್ಮೆ ಕೇಳಿದ್ದೆ. ಹೇಳಿದ. ಅಲ್ಲಿಗೆ ಹೋಗಿದ್ದೀಯಾ ಎಂದೆ. ಇಲ್ಲ. ಹೋದವರು ಯಾರಾದರೂ ಗೊತ್ತಾ ಎಂದೆ. "ಅಮ್ಮ, ಅದೆಲ್ಲ ನಿಂಗೆ ಗೊತ್ತಾಗಲ್ಲ" ಎಂದ.

ಅವನಂಥವರು ಇನ್ನೂ ಏಳೆಂಟು ಜನ ಸೇರಿ ಒಂದು ಅಭಿಮಾನಿಗಳ ಸಂಘ ಮಾಡಿಕೊಂಡಿದ್ದರು. ನಿಮ್ಮಪ್ಪ ಅದಕ್ಕೆ ಪ್ರೆಸಿಡೆಂಟು. ಅವರಲ್ಲಿ ಮುಖ್ಯವಾದವರು ಇಬ್ಬರು. ಒಬ್ಬರು ಹಿಂದಿನ ಬೀದಿಯ ಬ್ಯಾಂಕಿನವರು, ರಿಟೈರಾಗಲು ಹೆಚ್ಚು ವರ್ಷ ಉಳಿದಿರದ ದೊಡ್ಡ ಮನುಷ್ಯರು. ಇನ್ನೊಬ್ಬ ಮೂಲೆಯ ಬೇಕರಿಯವನು. ಮ್ಯಾಚಿನ ಸಂಜೆ ಎಲ್ಲರೂ ಆ ಕ್ಲಬ್ಬಿನ ನೇರಳೆ ಬಣ್ಣದ ಅಂಗಿ ಹಾಕಿಕೊಂಡು ನಮ್ಮ ಹಾಲಿನಲ್ಲಿ ಟಿವಿಯ ಮುಂದೆ ಕೂರುತ್ತಿದ್ದರು. ಬ್ಯಾಂಕಿನವರ ಅಂಗಿ ಹೊಟ್ಟೆಯ ಹತ್ತಿರ ತಡೆದು ನಿಲ್ಲುತ್ತಿತ್ತು, ಅವರು ಮಾತುಮಾತಿಗೂ ಅದನ್ನು ಕೆಳಗೆ ಎಳೆದುಕೊಳ್ಳುತ್ತಿದ್ದರು. ನಮ್ಮ ತಾರಸಿಯ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಉಸಿರು ತೆಗೆದುಕೊಳ್ಳುವ ಮನುಷ್ಯ, ಟಿವಿ ಮುಂದೆ ಕೂತು, "ಇವತ್ತು ನಾವು ಸರಿಯಾಗಿ ಓಡ್ಲೇ ಇಲ್ಲ ಕಣ್ರೀ" ಎನ್ನುತ್ತಿದ್ದರು. ನಾವು ಅಂತೆ. ಚುರುಮುರಿ ತಿನ್ನುತ್ತಾ.

ಆ ಕ್ಲಬ್ಬಿಗೆ ಒಬ್ಬ ಮ್ಯಾನೇಜರ್. ಅಂದರೆ ಆಟಗಾರರನ್ನು ಆರಿಸಿ, ಕಲಿಸಿ, ಆಡಿಸುವವನು. ನೆರೆತ ಗಡ್ಡ, ನಗುಮುಖ. ಅವನು ಬಂದ ಮೊದಲ ವರ್ಷ ಏನೋ ಒಂದು ಕಪ್ಪು ಗೆಲ್ಲಿಸಿದ್ದನಂತೆ. ಆಗ ಇವರ ಕುಣಿತ ನೋಡಬೇಕಿತ್ತು. ಬೇಕರಿಯವನು ಬೀದಿಗೆಲ್ಲ ಕೇಕು ಹಂಚಿದ. ನಿಮ್ಮಪ್ಪ ಆ ಮನುಷ್ಯನ ಫೋಟೊವನ್ನು ಅಂಗಡಿಯಲ್ಲಿ ಚಾಮುಂಡಿಯ ಫೋಟೊದ ಪಕ್ಕಕ್ಕೆ ಅಂಟಿಸಿದ. ಊದುಬತ್ತಿ ಇಬ್ಬರಿಗೂ ಒಂದೇ.

ಆಮೇಲೆ ಸೋಲಲು ಶುರುವಾಯಿತು. ಒಂದು ಸಲ ಸೋತಾಗ ರೆಫರಿಯನ್ನು ಬೈದರು. ಮತ್ತೆ ಸೋತಾಗ ಮಳೆಯನ್ನು ಬೈದರು. ಅದಾದ ಮೇಲೆ ಬೈಯಲು ಬೇರೆ ಯಾರೂ ಸಿಗದೆ ಮ್ಯಾನೇಜರನ್ನೇ ಹಿಡಿದುಕೊಂಡರು. "ತೆಗೀರ್ಲಾ ಅವನ್ನ ಮೊದ್ಲು! ದನ ಕಾಯಕ್ಕೆ ಕಳಿಸ್ರಿ!" ಎಂದು ನಿಮ್ಮಪ್ಪ ಟಿವಿಗೆ ಕೈ ತೋರಿಸಿ ಕೂಗುವುದು ನನಗೆ ಅಡುಗೆಮನೆಗೆ ಕೇಳಿಸುತ್ತಿತ್ತು. ನಾನು ಶಾಲೆ ಬಿಟ್ಟ ಮೇಲೆ ದನ ಕಾಯ್ದವಳು. ಇವರಲ್ಲಿ ಒಬ್ಬನ ಕೈಗಾದರೂ ಎರಡು ಎಮ್ಮೆ ಕೊಟ್ಟು ಕೆರೆ ಏರಿಯ ಮೇಲೆ ಬಿಟ್ಟಿದ್ದರೆ, ಸಂಜೆಗೆ ಎಮ್ಮೆಗಳೇ ಇವರನ್ನು ಮನೆಗೆ ಹೊಡೆದುಕೊಂಡು ಬರುತ್ತಿದ್ದವು.

ಹೀಗೆ ತಿಂಗಳುಗಟ್ಟಲೆ ತೆಗೀರಿ ತೆಗೀರಿ ಎಂದು ಕೂಗಿದರಲ್ಲ, ಒಂದು ಬೆಳಿಗ್ಗೆ ನಿಜವಾಗಿಯೂ ತೆಗೆದುಬಿಟ್ಟರು.

ಅವತ್ತು ನಿಮ್ಮಪ್ಪ ಸ್ನಾನ ಮಾಡದೆ, ಕಾಫಿ ಕುಡಿಯದೆ, ಫೋನು ಹಿಡಿದು ಮುಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ. ಮುಖ ನೋಡಿ ನಮ್ಮವರಲ್ಲೇ ಯಾರೋ ಹೋದರು ಎಂದುಕೊಂಡೆ.

"ಏನಾಯ್ತಪ್ಪ?"

"ತೆಗೆದ್ಬುಟ್ರು ಕಣಮ್ಮ."

"ಯಾರ್ನ?"

"ನಮ್ ಮ್ಯಾನೇಜರ್‌ನ. ನಿನ್ನೆ ಮೀಟಿಂಗ್ ಮಾಡಿ ತೆಗೆದ್ಬುಟ್ಟವ್ರೆ. ಒಂದ್ ಮಾತೂ ಹೇಳ್ದೆ."

"ನೀನೇ ತಾನೇ ತೆಗೀರಿ ತೆಗೀರಿ ಅಂತಿದ್ದೆ?"

"ಅಯ್ಯೋ, ಅದು ಬೇರೆ ಅಮ್ಮ. ಅದು ಪ್ರೀತೀಲಿ ಬಯ್ಯೋದು."

ಸ್ವಲ್ಪ ಹೊತ್ತಿಗೆ ಬೇಕರಿಯವನು ಬಂದ. ಅವನ ಕಣ್ಣಲ್ಲಿ ನಿಜವಾಗಿ ನೀರಿತ್ತು. ಅವನ ಅಪ್ಪ ಹೋದ ದಿನವೂ ಬೇಕರಿಯ ಅರ್ಧ ಬಾಗಿಲು ತೆಗೆದೇ ಇತ್ತು, ಬನ್ನು ಹಾಳಾಗುತ್ತದೆ ಎಂದು. ಈ ಮ್ಯಾನೇಜರ್ ಹೋದದ್ದಕ್ಕೆ ಮಧ್ಯಾಹ್ನದವರೆಗೂ ಷಟರ್ ಎಳೆದಿದ್ದ. ಬ್ಯಾಂಕಿನವರು ಬಂದು, "ಇಂಥ ಮನುಷ್ಯ ಇನ್ನು ಹುಟ್ಟಲ್ಲ ಕಣ್ರೀ" ಎಂದರು. ಎರಡು ವಾರದ ಹಿಂದೆ ನಮ್ಮ ಕುರ್ಚಿಯಲ್ಲೇ ಕೂತು ಅವನಿಗೆ ತಲೆಯಲ್ಲಿ ಮೆದುಳೇ ಇಲ್ಲ ಎಂದದ್ದು ಇದೇ ಬಾಯಿ. ಕೆಲಸ ಹೋದ ಮನುಷ್ಯನಿಗೆ ಮುಂದೆ ಹೊಟ್ಟೆಪಾಡೇನು ಎಂದು ನನಗೆ ಪಾಪ ಎನ್ನಿಸಿ ಬಾಗಿಲ ಹಿಂದಿನಿಂದಲೇ ನಿಮ್ಮಮ್ಮನ ಹತ್ತಿರ ಕೇಳಿಸಿದೆ. ಏಳು ತಲೆಮಾರು ಕೂತು ತಿನ್ನುವಷ್ಟು ಪರಿಹಾರ ಕೊಟ್ಟು ಕಳಿಸುತ್ತಾರಂತೆ. ಅದನ್ನು ಹೇಳುವಾಗಲೂ ಬ್ಯಾಂಕಿನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ನಿಮ್ಮ ತಾತ ಹೋದಾಗಲೂ ಇದನ್ನು ನೋಡಿದ್ದೇನೆ. ಫ್ಯಾಕ್ಟರಿಯಲ್ಲಿ ಅವರ ಪ್ರಮೋಷನ್ನಿಗೆ ಅಡ್ಡಗಾಲು ಹಾಕಿದವರೇ ಎಲ್ಲರಿಗಿಂತ ದೊಡ್ಡ ಹಾರ ತಂದಿದ್ದರು. ಆದರೂ ಅಲ್ಲಿ ಒಂದು ಹೆಣವಾದರೂ ಇತ್ತು.

ಇದೆಲ್ಲ ಅವರ ಹಣೆಬರಹ ಎಂದು ನಾನು ಸುಮ್ಮನಿರುತ್ತಿದ್ದೆ. ಸುಮ್ಮನಿರಲು ಆಗದಂತೆ ಮಾಡಿದ್ದು ಆ ವಾರದ ಭಾನುವಾರ.

ದೊಡ್ಡವಳೇ, ನಿನಗೆ ನೆನಪಿದೆ. ನೀನಾಗ ಒಂಬತ್ತನೇ ಕ್ಲಾಸು, ಶಾಲೆಯ ಹುಡುಗಿಯರ ಫುಟ್‌ಬಾಲ್ ಟೀಮಿಗೆ ಗೋಲ್‌ಕೀಪರ್. ಚಿಕ್ಕಂದಿನಲ್ಲಿ ನಿಮ್ಮಪ್ಪನೇ ತಾರಸಿಯ ಮೇಲೆ ರಬ್ಬರ್ ಚೆಂಡು ಎಸೆದು ಎಸೆದು ನಿನಗೆ ಹಿಡಿಯುವುದನ್ನು ಕಲಿಸಿದ್ದು. ನೀರಿನ ಟ್ಯಾಂಕಿನ ಗೋಡೆಯೇ ನಿನ್ನ ಗೋಲು. ಆದರೆ ನೀನು ಶಾಲೆಗೆ ಆಡಲು ಶುರು ಮಾಡಿದ ಮೇಲೆ ಅವನು ಒಂದು ಮ್ಯಾಚಿಗೂ ಬರಲಿಲ್ಲ. ಅಂಗಡಿ, ಇಲ್ಲದಿದ್ದರೆ ಟಿವಿ. ನಿಮ್ಮಮ್ಮನಿಗೆ ನಿನ್ನ ಮೊಣಕಾಲಿನ ಗಾಯ ನೋಡಿ ನೋಡಿ ಸಾಕಾಗಿತ್ತು.

"ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಇನ್ನು ಸಾಕು, ಬಿಡಿಸ್ರಿ" ಎಂದು ಅವಳು ಊಟಕ್ಕೆ ಬಡಿಸುವಾಗ ಹೇಳಿದಳು.

ನಿಮ್ಮಪ್ಪ ಮುದ್ದೆ ಮುರಿಯುತ್ತಾ ಯೋಚಿಸಿ, "ಭಾನುವಾರ ಫೈನಲ್ ಐತಲ್ಲ, ನಾನೇ ಹೋಗಿ ಕಣ್ಣಾರೆ ನೋಡ್ತೀನಿ. ನೋಡಿ ಆಮೇಲೆ ಹೇಳ್ತೀನಿ, ಮುಂದಕ್ಕೆ ಆಡ್ಬೇಕೋ ಬ್ಯಾಡ್ವೋ ಅಂತ" ಎಂದ.

"ಆಯ್ತು. ನೀವು ನೋಡಿ ಹೇಗೆ ಹೇಳ್ತೀರೋ ಹಂಗೆ" ಎಂದಳು ನಿಮ್ಮಮ್ಮ.

ಅವತ್ತಿನಿಂದ ನೀನು ದಿನಾ ಶಾಲೆಯಿಂದ ಬಂದು ಬ್ಯಾಗು ಎಸೆದು ತಾರಸಿಗೆ ಹೋಗುತ್ತಿದ್ದೆ. ಗೋಡೆಗೆ ಚೆಂಡು ಬಡಿಯುವ ಸದ್ದು ದೀಪ ಹಚ್ಚುವವರೆಗೂ ಕೇಳುತ್ತಿತ್ತು. ಅಪ್ಪ ಬಂದು ನೋಡಿದರೆ ಬಿಡಿಸುವುದಿಲ್ಲ ಎಂಬ ನಂಬಿಕೆ ನಿನಗೆ. ಅವನು ಬರಬೇಕು, ಅಷ್ಟೆ.

ಸಂಘದವರು ಅದೇ ಭಾನುವಾರಕ್ಕೆ ಮ್ಯಾನೇಜರಿಗೊಂದು ಬೀಳ್ಕೊಡುಗೆ ಇಟ್ಟುಕೊಂಡರು. ದೊಡ್ಡ ಫ್ಲೆಕ್ಸ್ ಮಾಡಿಸಿ ನಮ್ಮ ಗೇಟಿನ ಪಕ್ಕ ಕಟ್ಟುವುದು, ಹತ್ತು ಗಂಟೆಗೆ ಎಲ್ಲರೂ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಅದರ ಮುಂದೆ ನಿಂತು ಫೋಟೊ ತೆಗೆಸಿ ಆ ಕ್ಲಬ್ಬಿನವರಿಗೆ ಕಳಿಸುವುದು. ಅದನ್ನು ನೋಡಿ ಅಲ್ಲಿಯವರು ನಾಚಿಕೊಂಡು ಅವನನ್ನು ವಾಪಸ್ ಕರೆಯುತ್ತಾರೆ ಎಂದು ಇವರ ಲೆಕ್ಕವಿತ್ತೋ ಏನೋ. ನಿನ್ನ ಮ್ಯಾಚು ಸಿದ್ಧಾರ್ಥನಗರದ ಒಂದು ಶಾಲೆಯ ಮೈದಾನದಲ್ಲಿ, ಹನ್ನೊಂದಕ್ಕೆ. "ಒಂದು ಫೋಟೊ ತೆಗೆಸ್ಕೊಂಡು ಸ್ಕೂಟರಲ್ಲಿ ಕರ್ಕೊಂಡು ಹೋಗ್ತೀನಿ ಮಗಳೇ, ಟೈಮಿಗೆ ಸರ್ಯಾಗಿ" ಎಂದು ನಿಮ್ಮಪ್ಪ ನಿನಗೆ ಮಾತು ಕೊಟ್ಟ.

ಫ್ಲೆಕ್ಸ್ ಹೇಳಿದ್ದು ಬ್ಯಾಂಕಿನವರು, ಫೋನಿನಲ್ಲಿ. "ಅವರ ಫೋಟೊ ದೊಡ್ಡದಾಗಿರ್ಲಿ, ನಮ್ಮದು ಕೆಳಗಡೆ ಚಿಕ್ಕದಾಗಿ. ನೋಡಿದ್ರೆ ದುಃಖ ಕಾಣ್ಬೇಕು ಕಣಪ್ಪ" ಎಂದು ಹೇಳಿದ್ದರಂತೆ. ಫ್ಲೆಕ್ಸ್ ಅಂಗಡಿಯವನಿಗೆ ದುಃಖದ ಫ್ಲೆಕ್ಸ್ ಹೇಗಿರುತ್ತದೆ ಎಂದು ಗೊತ್ತು, ದಿನಕ್ಕೆರಡು ಮಾಡುತ್ತಾನೆ. ಶನಿವಾರ ಸಂಜೆ ಕಟ್ಟಿದ ಮೇಲೆ ನಾನು ಕಿಟಕಿಯಿಂದ ನೋಡಿದೆ. ನಡುವೆ ಗಡ್ಡದ ಬಿಳಿಯ ಮನುಷ್ಯ ಕಪ್ಪುಬಿಳುಪಿನಲ್ಲಿ ನಗುತ್ತಿದ್ದಾನೆ. ಅವನ ಎರಡೂ ಬದಿಗೆ ಉರಿಯುವ ದೀಪ. ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ.' ಕೆಳಗೆ 'ದುಃಖತಪ್ತ ಕುಟುಂಬ ವರ್ಗ' ಎಂದು ಬರೆದು ನಿಮ್ಮಪ್ಪ, ಬ್ಯಾಂಕಿನವರು, ಬೇಕರಿಯವನು, ಉಳಿದವರು, ಸಾಲಾಗಿ.

ಅದನ್ನು ನೋಡಿ ಇವರಿಗೆ ನಗು ಬರಬೇಕಿತ್ತು, ಇಲ್ಲವೇ ನಾಚಿಕೆಯಾಗಬೇಕಿತ್ತು. ಎರಡೂ ಆಗಲಿಲ್ಲ.

"ಇರ್ಲಿ ಬುಡ್ರಿ" ಎಂದ ಬೇಕರಿಯವನು. "ಇದೇ ಚೆನ್ನಾಗೈತೆ. ನೋಡಿದ್ರೆ ಹೊಟ್ಟೆ ಉರೀಬೇಕು ಆ ಕ್ಲಬ್‌ನೋರಿಗೆ."

"ಎಫೆಕ್ಟ್ ಇದೆ" ಎಂದರು ಬ್ಯಾಂಕಿನವರು, ಅಂಗಿ ಎಳೆದುಕೊಳ್ಳುತ್ತಾ. ನಿಮ್ಮಪ್ಪ ಅದರ ಫೋಟೊ ತೆಗೆದು ಫೋನಿನ ಸ್ಟೇಟಸ್ಸಿಗೆ ಹಾಕಿದ.

ದೀಪ ಹಚ್ಚುವ ಹೊತ್ತಿಗೆ ಎದುರುಮನೆಯವಳು ಒಂದು ಡಬ್ಬಿ ತುಂಬ ಉಪ್ಪಿಟ್ಟು ತಂದು ನನ್ನ ಕೈಗಿಟ್ಟಳು. ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಳು. ನಾನು ಏನೋ ಪ್ರೀತಿಯಿಂದ ತಂದಿದ್ದಾಳೆ ಎಂದುಕೊಂಡೆ. ಅವಳು ಎದ್ದು, ನನ್ನ ಕಡೆ ತಿರುಗಿ ನೋಡದೆ, ಒಂದು ಮಾತೂ ಆಡದೆ ಹೊರಟು ಹೋದಳು. ಅವಳು ಗೇಟು ದಾಟಿದ ಮೇಲೆ ನನಗೆ ಹೊಳೆಯಿತು. ದಿನಕ್ಕೆ ನಾಲ್ಕು ಸಲ ಬಂದುಹೋಗುವ ಹೆಂಗಸು, ಪ್ರತಿ ಸಲವೂ "ಬರ್ತೀನಿ ಕಣಕ್ಕ" ಎನ್ನುತ್ತಾಳೆ. ಅವತ್ತು ಅನ್ನಲಿಲ್ಲ. ಸಾವಿನ ಮನೆಯಿಂದ ಹೊರಡುವಾಗ ನಮ್ಮಲ್ಲಿ ಯಾರೂ ಬರ್ತೀನಿ ಎನ್ನುವುದಿಲ್ಲ. ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂದು ಅಕ್ಕಪಕ್ಕದವರೇ ಊಟ ತಿಂಡಿ ತರುತ್ತಾರೆ. ಉಪ್ಪಿಟ್ಟು ಬಂದದ್ದು ಅದಕ್ಕೆ.

ನಿಮ್ಮಪ್ಪನನ್ನು ಕರೆದು, "ಎದುರುಮನೆಯವಳು ನಮ್ಮನೇಲಿ ಸಾವಾಗದೆ ಅನ್ಕೊಂಡವಳೆ. ಮೊದ್ಲು ಅದನ್ನ ಬಿಚ್ಚು" ಎಂದೆ.

"ನಾಳೆ ಫೋಟೊ ಒಂದಾಗ್ಲಿ ಅಮ್ಮ, ಬಿಚ್ಚಾಕ್ತೀನಿ" ಎಂದ. ಎಂದು ಆ ಉಪ್ಪಿಟ್ಟನ್ನೇ ಹಾಕಿಸಿಕೊಂಡು ತಿಂದ.

ಭಾನುವಾರ ಬೆಳಿಗ್ಗೆ ಮಟನ್ ತಂದು ಸಾರಿಗೆ ಇಟ್ಟೆ. ಮ್ಯಾಚು ಮುಗಿಸಿ ಬಂದು ಮುದ್ದೆ, ಮಟನ್ ಸಾರು ಉಣ್ಣಬೇಕೆಂದು ನೀನೇ ಕೇಳಿದ್ದೆ. ನಿಮ್ಮಮ್ಮ ಚಿಕ್ಕವಳನ್ನು ಕರೆದುಕೊಂಡು ತವರಿನ ಕಡೆಯ ಒಂದು ನಾಮಕರಣಕ್ಕೆ ಹೋಗಿದ್ದಳು. ಒಂಬತ್ತೂವರೆಗೆ ಸಂಘದವರು ನೇರಳೆ ಅಂಗಿ, ಕಪ್ಪು ಪಟ್ಟಿಯಲ್ಲಿ ಬಂದರು. ಅವರ ಹಿಂದೆಯೇ, ಸಾವಿನ ಮನೆಯೆಂದು ಮಾತಾಡಿಸುವವರು ಬಂದರು.

ಮೊದಲು ನಿಮ್ಮ ತಾತನ ಜೊತೆ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದ್ದ ಇಬ್ಬರು ಮುದುಕರು. ಅವರು ಕೂತು ನಿಟ್ಟುಸಿರು ಬಿಡುವಷ್ಟರಲ್ಲಿ ಆಟೊ ನಿಂತ ಸದ್ದಾಯಿತು. ನೋಡಿದರೆ ನನ್ನ ಅಣ್ಣ. ಊರಿನಿಂದ ಮೊದಲ ಬಸ್ಸಿಗೆ ಬಂದಿದ್ದಾನೆ. ನಿಮ್ಮಪ್ಪನ ಸ್ಟೇಟಸ್ಸು ಊರಿನಲ್ಲಿ ಯಾರದೋ ಫೋನಿನಲ್ಲಿ ನೋಡಿ, ಅಳಿಯನಿಗೆ ತುಂಬಾ ಬೇಕಾದವರು ಯಾರೋ ಹೋಗಿದ್ದಾರೆ ಎಂದು ಹೊರಟು ಬಂದಿದ್ದ. ಅವನು ಟವೆಲ್ ಕೊಡವಿ ನಿಮ್ಮಪ್ಪನ ಎದುರು ಕೂತ. ನಿಮ್ಮಪ್ಪನ ಮುಖ ನೋಡಬೇಕಿತ್ತು. ನಿಜ ಹೇಳಿದರೆ ಮರ್ಯಾದೆ ಹೋಗುತ್ತದೆ, ಅದಕ್ಕೆ ತಲೆ ತಗ್ಗಿಸಿ ಕೂತ. ತಲೆ ತಗ್ಗಿಸಿದ್ದು ನೋಡಿ ಮುದುಕರಿಗೆ ಇನ್ನೂ ಮರುಕ.

"ಎಷ್ಟ್ ವಯಸ್ಸಾಗಿತ್ತಪ್ಪ?" ಎಂದ ಅಣ್ಣ.

"ಐವತ್ತು... ಐವತ್ತರ ಮೇಲೆ, ಮಾವ."

"ಹೋಗೋ ವಯಸ್ಸಲ್ಲ. ಏನಾಗಿತ್ತು?"

ನಿಮ್ಮಪ್ಪ ಬ್ಯಾಂಕಿನವರ ಮುಖ ನೋಡಿದ. ಬ್ಯಾಂಕಿನವರು ಗಂಟಲು ಸರಿ ಮಾಡಿಕೊಂಡು, "ಇದ್ದಕ್ಕಿದ್ದ ಹಾಗೇ ಆಯ್ತು. ನಮಗೂ ಬೆಳಿಗ್ಗೇನೇ ಗೊತ್ತಾಗಿದ್ದು" ಎಂದರು.

"ಹೆಂಡ್ತಿ ಮಕ್ಳು?"

"ಎರಡು ಮಕ್ಳು" ಎಂದ ಬೇಕರಿಯವನು. ಅವನಿಗೆ ಮತ್ತೆ ಕಣ್ಣಲ್ಲಿ ನೀರು ಬಂತು.

"ಅಯ್ಯೋ ಶಿವನೇ. ಮಣ್ಣು ಅಲ್ಲೇ ಮಾಡುದ್ರಾ? ಇಲ್ಲಿಗೆ ತರ್ಲಿಲ್ವಾ?"

ಬಾಗಿಲ ಹಿಂದೆ ನಾನು ಸೆರಗು ಬಾಯಿಗೆ ಒತ್ತಿಕೊಂಡಿದ್ದೆ. ಅಷ್ಟರಲ್ಲಿ ಕುಕ್ಕರ್ ಕೂಗಿತು. ಮಸಾಲೆಯ ಘಮ ಹಾಲಿನ ತುಂಬ ಹರಡಿತು. ಫ್ಯಾಕ್ಟರಿಯ ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಣ್ಣ ಮೂಗು ಮೇಲೆತ್ತಿ ಒಂದು ಸಲ, ಇನ್ನೊಂದು ಸಲ ಎಳೆದು, ಅಡುಗೆಮನೆಯ ಕಡೆ ತಿರುಗಿ ಗದರಿದ.

"ಏನವ್ವಾ ಇದು? ಸಾವಿನ್ ಮನೇಲಿ ಬಾಡಿನ್ ಸಾರು ಬೇಯ್ತಾ ಐತೆ? ಬುದ್ಧಿ ನೆಟ್ಟಗೈತಾ ನಿಂಗೆ?"

ನಿಮ್ಮಪ್ಪ ನನ್ನ ಕಡೆ ನೋಡಿದ. ಆ ನೋಟದ ಅರ್ಥ, ಏನಾದರೂ ಹೇಳಿ ನನ್ನನ್ನು ಉಳಿಸು ಎಂದು. ಇವರ ಹುಚ್ಚಾಟಕ್ಕೆ ಬುದ್ಧಿ ನೆಟ್ಟಗಿಲ್ಲ ಎನ್ನಿಸಿಕೊಳ್ಳಬೇಕಾದವಳು ನಾನು.

ನೀನು ಆಗ ಷೂ ಕಟ್ಟಿಕೊಂಡು, ಗೋಲ್‌ಕೀಪರಿನ ಕೈಗವಸು ಹಾಕಿಕೊಂಡು, ಟಿವಿಯ ಪಕ್ಕದಲ್ಲಿ ನಿಂತಿದ್ದೆ. ಎಷ್ಟು ಹೊತ್ತಿನಿಂದ ನಿಂತಿದ್ದೆಯೋ. ಮೆಲ್ಲಗೆ, "ಅಪ್ಪ, ಹೋಗೋಣ್ವಾ? ಟೈಮಾಯ್ತು" ಎಂದೆ.

"ಸುಮ್ನಿರು. ದೊಡ್ಡೋರು ಕೂತಿರೋದು ಕಾಣ್ಸಲ್ವಾ?" ಎಂದ ನಿಮ್ಮಪ್ಪ. ಸಾಯದ ಮನುಷ್ಯನ ಸಾವಿಗೆ ಕೂತುಕೊಂಡು ನಿನ್ನ ಮೇಲೆ ರೇಗಿದ.

ನಾನು ಹೊರಗೆ ಬಂದೆ. ಅಷ್ಟು ಗಂಡಸರ ನಡುವೆ ಬಂದು ನಿಂತದ್ದು ಅದೇ ಮೊದಲು. ಕೈಯಲ್ಲಿ ಸೌಟು ಹಾಗೇ ಇತ್ತು.

"ಅಣ್ಣ, ಯಾರೂ ಸತ್ತಿಲ್ಲ" ಎಂದೆ. "ಆ ಫೋಟೊದಲ್ಲಿರೋನು ಚೆನ್ನಾಗವ್ನೆ. ಯಾವ್ದೋ ದೇಶದಲ್ಲಿ ಚೆಂಡಾಟ ಆಡ್ಸೋ ಕೆಲ್ಸದಿಂದ ತೆಗೆದವ್ರೆ, ಅಷ್ಟೆ. ಇವರ್‌ನ ಅವನು ಕನಸಲ್ಲೂ ಕಂಡಿಲ್ಲ. ಸೋತಾಗ ಅವನ್ನ ದನ ಕಾಯಕ್ಕೆ ಕಳ್ಸಿ ಅಂತ ಕೂಗಿದ್ದೂ ಇವರೇ, ಈಗ ದೀಪ ಹಚ್ಚಿರೋದೂ ಇವರೇ. ಸಾರು ಈ ಕೂಸು ಆಡ್ಕೊಂಡು ಬಂದು ಉಣ್ಣಕ್ಕೆ. ಬಂದಿದ್ದೀಯಲ್ಲ, ನೀನೂ ಉಂಡ್ಕೊಂಡು ಹೋಗು."

ಬ್ಯಾಂಕಿನವರು ಅಂಗಿ ಎಳೆದುಕೊಂಡರು. ಅಣ್ಣ ಹೊರಗೆ ಫ್ಲೆಕ್ಸಿನ ಕಡೆ ನೋಡಿದ, ಒಳಗೆ ನಿಮ್ಮಪ್ಪನ ಕಡೆ ನೋಡಿದ.

"ಬದುಕವ್ನಾ?"

"ಹ್ಞೂ, ಮಾವ" ಎಂದ ನಿಮ್ಮಪ್ಪ, ನೆಲ ನೋಡಿಕೊಂಡು.

"ಏನ್ಲಾ ಅಳಿಯ, ನಿಮ್ಮಪ್ಪ ಹೋದಾಗ ಈ ಪಾಟಿ ಬ್ಯಾನರ್ ಕಟ್ಟಿರ್ಲಿಲ್ಲವಲ್ಲೋ. ಒಂದು ಚಿಕ್ಕ ಫೋಟೊ ಮಾಡ್ಸಿ, ಅದ್ಕೂ ಫ್ರೇಮ್ ಹಾಕ್ಸಕ್ಕೆ ತಿಂಗಳು ಮಾಡಿದ್ದೆ. ನಾನು ಊರಿಂದ ಹಸಿದ ಹೊಟ್ಟೇಲಿ ಬಂದ್ಬುಟ್ಟೆ ಕಣೋ, ಸಾವಿನ್ ಮನೆಗೆ ಹೋಗೋನು ತಿನ್ಬಾರ್ದು ಅಂತ!"

ಫ್ಯಾಕ್ಟರಿಯ ಮುದುಕರಲ್ಲಿ ಒಬ್ಬರು ಮೊದಲು ನಕ್ಕರು. ಆಮೇಲೆ ಅಣ್ಣನೂ ನಕ್ಕ. ನಾನು ಒಲೆ ಆರಿಸಿ, ಸೌಟು ಇಟ್ಟು, ನಿನ್ನ ಕೈ ಹಿಡಿದೆ. "ನಡಿ, ನಾನು ಬರ್ತೀನಿ."

ಇಷ್ಟಾದ ಮೇಲಾದರೂ ನಿಮ್ಮಪ್ಪ ಸ್ಕೂಟರಿನ ಕೀ ತೆಗೆದುಕೊಳ್ಳುತ್ತಾನೆ ಎಂದುಕೊಂಡೆ. ಕೀಗೆ ಕೈ ಹಾಕಿಯೂ ಇದ್ದ. ಅಷ್ಟರಲ್ಲಿ ಗೇಟಿನ ಹತ್ತಿರದಿಂದ ಬೇಕರಿಯವನು, "ಫೋಟೊ ತೆಗೆಯೋನು ಬಂದವ್ನೆ! ಪ್ರೆಸಿಡೆಂಟ್ ಇಲ್ದೆ ಎಂಗೆ?" ಎಂದು ಕೂಗಿದ.

"ಐದೇ ನಿಮಿಷ ಅಮ್ಮ. ನೀವು ಆಟೊದಲ್ಲಿ ಹೊರಡಿ, ನಾನು ಹಿಂದೇನೇ ಬಂದೆ" ಎಂದ ನಿಮ್ಮಪ್ಪ. ನಾವು ಆಟೊ ಹತ್ತುವಾಗ ಅವನು ಆ ಬಿಳಿಯನ ಗಡ್ಡದ ಕೆಳಗೆ ನಡುವೆ ನಿಂತು ತಲೆ ಬಾಚಿಕೊಳ್ಳುತ್ತಿದ್ದ. ದುಃಖತಪ್ತ.

ಆಟೊದಲ್ಲಿ ನೀನು ದಾರಿಯುದ್ದಕ್ಕೂ ಹಿಂದೆ ತಿರುಗಿ ನೋಡುತ್ತಿದ್ದೆ, ಸ್ಕೂಟರ್ ಬರುತ್ತಿದೆಯಾ ಎಂದು. ಹೂಟಗಳ್ಳಿಯಿಂದ ಸಿದ್ಧಾರ್ಥನಗರ ಊರಿನ ಆ ಕೊನೆ.

ಮೈದಾನದಲ್ಲಿ ಎಲ್ಲಿ ನಿಲ್ಲಬೇಕು ಎಂದು ತಿಳಿಯದೆ ನಾನು ನಿನ್ನ ಗೋಲಿನ ಕಂಬದ ಹಿಂದೆ, ಬೇಲಿಯ ಹತ್ತಿರ ನಿಂತೆ. ಬೇರೆ ಮಕ್ಕಳ ಅಪ್ಪ ಅಮ್ಮಂದಿರು ಅಲ್ಲಿದ್ದರು. ಎದುರು ಟೀಮಿನಲ್ಲಿ ನಿನಗಿಂತ ಒಂದು ಗೇಣು ಎತ್ತರದ ಹುಡುಗಿ. ಅವಳು ಒದ್ದ ಚೆಂಡು ಒಮ್ಮೆ ನಿನ್ನ ಎದೆಗೇ ಬಡಿಯಿತು. ಆ ಸದ್ದು ನನಗೆ ಕೇಳಿಸಿತು. ನೀನು ಬಿದ್ದೆ, ಚೆಂಡು ಬಿಡಲಿಲ್ಲ, ಎದ್ದು ಮಣ್ಣನ್ನೂ ಕೊಡವದೆ ದೂರಕ್ಕೆ ಎಸೆದೆ. ಆಮೇಲೆ ಒಂದು ಗೋಲಾಯಿತು. ಯಾರದೋ ಕಾಲಿಗೆ ತಗುಲಿ ದಿಕ್ಕು ತಪ್ಪಿ ಬಂದ ಚೆಂಡು, ಅದಕ್ಕೆ ಯಾರೂ ಏನೂ ಮಾಡುವಂತಿರಲಿಲ್ಲ. ನನ್ನ ಪಕ್ಕದಲ್ಲಿ ತಂಪು ಕನ್ನಡಕ ಹಾಕಿಕೊಂಡ ನಿಮ್ಮ ಶಾಲೆಯ ಮಗುವಿನ ತಾಯಿಯೊಬ್ಬಳು ತಕ್ಷಣ, "ಆ ಕೀಪರ್‌ನ ಚೇಂಜ್ ಮಾಡಿ ಮೇಡಂ! ತೆಗೀರಿ ಅವಳ್ನ!" ಎಂದು ಕೂಗಿದಳು.

ಅದೇ ಮಾತು, ನಮ್ಮ ಹಾಲಿನಲ್ಲಿ ತಿಂಗಳುಗಟ್ಟಲೆ ಕೇಳಿದ್ದು. ಒಂದು ಸಲ ಬಾಯಿ ಬಿಟ್ಟಾಗಿತ್ತಲ್ಲ, ಇನ್ನೊಂದು ಸಲಕ್ಕೆ ಅಷ್ಟು ಕಷ್ಟವಾಗಲಿಲ್ಲ.

"ಅದು ನನ್ ಮೊಮ್ಮಗಳು ಕಣಮ್ಮ" ಎಂದೆ. "ಯಾರ್ನೂ ತೆಗಿಯದು ಬ್ಯಾಡ. ನೀವು ಸುಮ್ನೆ ನೋಡಿ."

ಆಟ ಮುಗಿಯಲು ಸ್ವಲ್ಪ ಇರುವಾಗ ನಿಮ್ಮ ಕಡೆಯ ಹುಡುಗಿ ತಪ್ಪು ಮಾಡಿ ಅವರಿಗೆ ಪೆನಾಲ್ಟಿ ಸಿಕ್ಕಿತು. ನೀನೊಬ್ಬಳೇ, ಎದುರಿಗೆ ಅದೇ ಎತ್ತರದವಳು. ಚೆಂಡು ಇಡುವ ಮೊದಲು ನೀನು ಒಮ್ಮೆ ಹಿಂದೆ ತಿರುಗಿದೆ. ಬೇಲಿಯ ಉದ್ದಕ್ಕೂ ಕಣ್ಣು ಓಡಿಸಿ, ಹುಡುಕಿದ್ದು ಸಿಗದೆ, ನನ್ನನ್ನು ನೋಡಿದೆ. ನಾನು ಕೈ ಎತ್ತಿದೆ. ನೀನು ತಿರುಗಿ ಮೊಣಕಾಲು ಬಗ್ಗಿಸಿ ನಿಂತೆ. ಅವಳು ಒದ್ದಳು. ನೀನು ಹಾರಿದೆ, ಹಿಡಿದೆ.

"ಸೂಪರ್ ಕೀಪರ್!" ಎಂದು ತಂಪು ಕನ್ನಡಕದವಳು ಎರಡೂ ಕೈಯಲ್ಲಿ ಚಪ್ಪಾಳೆ ತಟ್ಟಿದಳು. ನಾನು ಅವಳ ಕಡೆ ತಿರುಗಿಯೂ ನೋಡಲಿಲ್ಲ.

ಆದರೂ ಸೋತಿರಿ, ಒಂದು ಗೋಲಿನಿಂದ. ನಿಮ್ಮಪ್ಪ ಬಂದಾಗ ಮಕ್ಕಳು ಗ್ಲೂಕೋಸ್ ನೀರು ಕುಡಿಯುತ್ತಿದ್ದರು, ಇಬ್ಬರು ಗಂಡಾಳುಗಳು ಗೋಲಿನ ಬಲೆ ಬಿಚ್ಚುತ್ತಿದ್ದರು. ತೋಳಿನಲ್ಲಿ ಕಪ್ಪು ಪಟ್ಟಿ ಇನ್ನೂ ಇತ್ತು. "ಒಂದ್ ಗ್ರೂಪ್ ಫೋಟೊ ಸರ್ಯಾಗಿ ಬರ್ಲಿಲ್ಲ, ಮತ್ತೆ ತೆಗೀಬೇಕಾಯ್ತು... ಎಷ್ಟಾಯ್ತು ಮಗಳೇ?" ಎಂದ. ನೀನು ಅವನ ಪಕ್ಕದಿಂದಲೇ ನಡೆದುಕೊಂಡು ಹೋಗಿ ಆಟೊದಲ್ಲಿ ಕೂತೆ. ಸ್ಕೂಟರಿನಲ್ಲಿ ಕೂರಲಿಲ್ಲ.

ಮನೆಗೆ ಬಂದರೆ ಸಂಘದವರು ಉಂಡು ಕೈ ತೊಳೆದು ಹೋಗಿದ್ದರು. ದುಃಖದಲ್ಲಿ ಹಸಿವು ಜಾಸ್ತಿ ಎಂದು ಕಾಣುತ್ತದೆ, ಕುಕ್ಕರಿನಲ್ಲಿ ಮೂಳೆ ಮಾತ್ರ ಉಳಿದಿತ್ತು. ಅಣ್ಣ ಒಂದು ಬೋಗುಣಿಯನ್ನು ತಟ್ಟೆ ಮುಚ್ಚಿ ತನ್ನ ಕುರ್ಚಿಯ ಕೆಳಗೇ ಇಟ್ಟುಕೊಂಡು ಕಾಯುತ್ತಿದ್ದ. "ಬಾ ಕೂಸೇ, ನಿನ್ ಪಾಲು ಎತ್ತಿಟ್ಟಿವ್ನಿ. ಆ ಬ್ಯಾಂಕ್ನೋನು ಎರಡು ಸತಿ ಇತ್ಲಾಗೆ ನೋಡ್ದ, ಕೊಡ್ಲಿಲ್ಲ ನಾನು" ಎಂದ.

ಸಂಜೆ ನಿಮ್ಮಮ್ಮ ಚಿಕ್ಕವಳ ಜೊತೆ ವಾಪಸ್ ಬಂದಳು. ನಡೆದದ್ದೆಲ್ಲ ಎದುರುಮನೆಯವಳಿಂದ ಆಗಲೇ ಕೇಳಿಕೊಂಡಿದ್ದಳು. ನಿಮ್ಮಪ್ಪನ ಎದುರು ನಿಂತು, "ನೋಡಿದ್ರಾ? ಏನ್ ಹೇಳ್ತೀರಿ ಈಗ?" ಎಂದಳು. ನೀನು ಕೋಣೆಯ ಬಾಗಿಲಲ್ಲಿ ನಿಂತಿದ್ದೆ.

"ಸೋತ್ರು... ಮುಂದಿನ್ ವರ್ಷ ಎಸ್ಸೆಸ್ಸೆಲ್ಸಿ ಬೇರೆ... ನನ್ನ ಕೇಳಿದ್ರೆ..." ಎಂದು ನಿಮ್ಮಪ್ಪ ಶುರು ಮಾಡಿದ.

"ನಿನ್ನ ಯಾಕ್ ಕೇಳ್ಬೇಕು?" ಎಂದೆ ನಾನು. "ಕಣ್ಣಾರೆ ನೋಡಿ ಹೇಳ್ತೀನಿ ಅಂದಿದ್ದೆ. ನೋಡ್ದೋಳು ನಾನು. ಹೇಳೋಳೂ ನಾನೇ. ಅವಳು ಆಡ್ತಾಳೆ."

ನಿಮ್ಮಮ್ಮ ನನ್ನನ್ನು ಬಹಳ ಹೊತ್ತು ನೋಡಿದಳು. ಇಷ್ಟು ವರ್ಷದಲ್ಲಿ ನಾನು ಆ ಮನೆಯ ಯಾವ ವಿಷಯಕ್ಕೂ ಹೀಗೆ ಆಗಬೇಕು ಎಂದವಳಲ್ಲ.

"ಗಾಯ ಮಾಡ್ಕೊಂಡು ಬಂದ್ರೆ, ಅತ್ತೆ?"

"ಎಣ್ಣೆ ಹಚ್ಚೋಳು ನಾನಲ್ವಾ?"

"ಓದೋದು?"

"ಓದ್ತೀನಿ" ಎಂದೆ ನೀನು, ಬಾಗಿಲಿನಿಂದ. ನಿಮ್ಮಮ್ಮ, "ಆಯ್ತು, ಅತ್ತೆ ನೋಡಿ ಹೇಳಿದ ಹಂಗೆ" ಎಂದು ಸೀರೆ ಬದಲಿಸಲು ಒಳಗೆ ಹೋದಳು. ಮಾತು ಅಲ್ಲಿಗೆ ಮುಗಿಯಿತು.

ಆ ಕ್ಲಬ್ಬಿಗೆ ಹೊಸ ಮ್ಯಾನೇಜರ್ ಬಂದ. ಇವನಿಗೆ ಗಡ್ಡವಿಲ್ಲ. ಮೊದಲ ಮ್ಯಾಚು ಗೆದ್ದಾಗ ಬೇಕರಿಯವನು ಮತ್ತೆ ಕೇಕು ತಂದ. "ಇವನೇ ಕಣ್ರೀ ಸರಿಯಾದೋನು, ಆ ಹಳಬನ್ನ ಯಾವತ್ತೋ ತೆಗೀಬೇಕಿತ್ತು" ಎಂದರು ಬ್ಯಾಂಕಿನವರು. ಇಷ್ಟರಲ್ಲೇ ಇವನ ಸರದಿಯೂ ಬರುತ್ತದೆ. ಫ್ಲೆಕ್ಸನ್ನು ಬಿಚ್ಚಿದ ಮೇಲೆ ಯಾರೂ ಕೇಳಲಿಲ್ಲ. ಗಟ್ಟಿ ಸಾಮಾನು, ಬಿಸಾಕಲು ಮನಸ್ಸಾಗದೆ ನಾನೇ ತೊಳೆದು, ತಾರಸಿಯ ಮೇಲೆ ಮಗುಚಿ ಹಾಸಿ ಸಂಡಿಗೆ ಹಾಕುತ್ತೇನೆ. ಸಂಡಿಗೆ ಒಣಗಿದ ಮೇಲೆ ಎತ್ತಿದರೆ ಕೆಳಗೆ ಅವನು ಇನ್ನೂ ನಗುತ್ತಿರುತ್ತಾನೆ. ಅವರೆಲ್ಲರಿಗಿಂತ ಅವನೇ ವಾಸಿ, ಒಂದು ಕೆಲಸಕ್ಕಾದರೂ ಬಂದ.

ನಿಮ್ಮಪ್ಪ ಈಗ ನಿನ್ನನ್ನು ಪ್ರಾಕ್ಟೀಸಿಗೆ ಸ್ಕೂಟರಿನಲ್ಲಿ ಬಿಟ್ಟುಬರುತ್ತಾನೆ. ಒಮ್ಮೊಮ್ಮೆ ನಿಂತು ನೋಡುತ್ತಾನಂತೆ. ಆವತ್ತಿನ ಪೆನಾಲ್ಟಿಯ ವಿಷಯ ಯಾರೋ ಹೇಳಿದ ಮೇಲೆ ನನ್ನ ಬಳಿ ಬಂದು ಎಷ್ಟೋ ಸಲ ಕೇಳಿದ್ದಾನೆ, "ಎಂಗ್ ಹಿಡಿದ್ಲಮ್ಮ? ಎಡಕ್ಕೆ ಹಾರಿದ್ಲಾ, ಬಲಕ್ಕಾ?" ಎಂದು. ನಿನ್ನನ್ನೂ ಕೇಳಿದ್ದಾನೆ, ನೀನೂ ಹೇಳಿಲ್ಲ. ಮೇಲೆ ನಾನು ಅದನ್ನು ಬರೆದಿಲ್ಲ, ಬೇಕಾದರೆ ತಿರುಗಿಸಿ ನೋಡಿಕೊಳ್ಳಿ. ಮರೆತು ಬಿಟ್ಟದ್ದಲ್ಲ. ಈ ಹಾಳೆಗಳು ಅವನ ಕೈಗೂ ಸಿಗಬಹುದು.